ಕಾರವಾರದ ಉಪ್ಪುಗಾಳಿಯಲ್ಲಿ ಕಾಂಟ್ರಾ ಕೆಟ್ಟಾಗ

ಮಳೆ ಬಿಟ್ಟು ದಸರಾ ರಜೆ ಹತ್ತಿರ ಬಂತೆಂದರೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಟ್ಟದಿಂದ ಟಿವಿ ಗೇಮ್ ಇಳಿಸಿದ್ದೆ, ಕಾಂಟ್ರಾ ಬರ್ತಾ ಇಲ್ಲ, ಎಂತ ಮಾಡೂದು?" ಕಾಂಟ್ರಾ ಅಂದರೆ ಗನ್ ಹಿಡಿದು ಓಡುವ ಆಟ, ಯಂತ್ರದ ಬಾಯಿಗೆ ಚುಚ್ಚುವ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಕೇಳುವವರೆಲ್ಲ ಹೆಚ್ಚುಕಡಿಮೆ ನಲವತ್ತು ದಾಟಿದವರು. ಮಕ್ಕಳಿಗೆ ತೋರಿಸಬೇಕಿತ್ತು ಅಂತ ಒಂದು ನೆಪ ಬೇರೆ.

ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಕಿಟಕಿಯ ಸರಳು, ಸೈಕಲ್ಲಿನ ಚೈನು, ಕಪಾಟಿನ ಬೀಗ ಯಾವುದನ್ನೂ ಇಲ್ಲಿನ ಗಾಳಿ ಬಿಟ್ಟಿದ್ದಿಲ್ಲ. ಇನ್ನು ಮೂವತ್ತು ವರ್ಷ ಹಳೆಯ ಅಗ್ಗದ ಕ್ಯಾಸೆಟ್ಟನ್ನು ಬಿಟ್ಟೀತಾ? ಹಾಗಾಗಿ ನನ್ನ ಕೈಗೆ ಬಂದ "ಕೆಟ್ಟ" ಕಾಂಟ್ರಾಗಳಲ್ಲಿ ಹೆಚ್ಚಿನವು ಕೆಟ್ಟೇ ಇರಲಿಲ್ಲ. ಪಿನ್ನುಗಳಿಗೆ ಕಿಲುಬು ಹಿಡಿದಿತ್ತು, ಅಷ್ಟೇ. ಆದರೆ ಅಷ್ಟು ಗೊತ್ತಾಗುವ ಮೊದಲೇ ಯಾರೋ ಸೋಲ್ಡರಿಂಗ್ ಮಾಡಲು ಹೋಗಿ ಬೋರ್ಡನ್ನೇ ಸುಟ್ಟು ತಂದದ್ದೂ ಉಂಟು.

ನಾನು ಹೇಳುತ್ತಿರುವುದು 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ 8-ಬಿಟ್ ಟಿವಿ ಗೇಮ್ ಬಗ್ಗೆ. ನಿಂಟೆಂಡೋದ ಫ್ಯಾಮಿಕಾಮ್ ಯಂತ್ರದ ನಕಲು ಅದು. ಕ್ಯಾಸೆಟ್ಟಿಗೆ 60 ಪಿನ್. ಶಿರಸಿ ಮಾರಿಕಾಂಬಾ ಜಾತ್ರೆಯಿಂದ ತಂದಿರಲಿ, ಗೋವಾದಿಂದ ತಂದಿರಲಿ, ಒಳಗಿನ ಸಂಗತಿ ಒಂದೇ.

ಯಾವ ಕಾಂಟ್ರಾ, ಮೊದಲು ನೋಡಿ

ಇದನ್ನು ಯಾರೂ ಕೇಳುವುದಿಲ್ಲ. ನಾನು ಮಾತ್ರ ಇದನ್ನೇ ಮೊದಲು ಕೇಳುತ್ತೇನೆ.

ಕೊನಾಮಿ ಕಂಪನಿ ಕಾಂಟ್ರಾವನ್ನು 1987ರಲ್ಲಿ ಆರ್ಕೇಡ್ ಯಂತ್ರಕ್ಕೆ ತಂದಿತು. 1988ರಲ್ಲಿ ಅದು ಮನೆಯ ಯಂತ್ರಕ್ಕೆ ಬಂತು. ಜಪಾನಿನಲ್ಲಿ ಫ್ಯಾಮಿಕಾಮ್‌ಗೆ, ಅಮೆರಿಕದಲ್ಲಿ ಅದೇ ಯಂತ್ರದ ಅಲ್ಲಿನ ರೂಪವಾದ ಎನ್‌ಇಎಸ್‌ಗೆ. ಎರಡೂ ಒಂದೇ ಆಟ. ಅದೇ ಬಿಲ್ ಮತ್ತು ಲ್ಯಾನ್ಸ್ ಅನ್ನುವ ಇಬ್ಬರು ಸೈನಿಕರು, ಅದೇ ಎಂಟು ಸ್ಟೇಜ್, ಕೊನೆಗೆ ಅದೇ ಅನ್ಯಗ್ರಹದ ಜೀವಿಯ ಹೃದಯ. ಆದರೆ ಕ್ಯಾಸೆಟ್ಟಿನ ಒಳಗಿನ ಚಿಪ್ಪುಗಳು ಬೇರೆ ಬೇರೆ.

ಜಪಾನಿನ ಕ್ಯಾಸೆಟ್ಟಿನಲ್ಲಿ ವಿಆರ್‌ಸಿ2 ಅನ್ನುವ ಕೊನಾಮಿಯ ಸ್ವಂತ ಚಿಪ್ ಇದೆ. ಚಿತ್ರಗಳಿಗೆ ಅಂತಲೇ 128 ಕಿಲೋಬೈಟಿನ ಬೇರೆ ರೋಮ್ (ROM) ಇದೆ. ಇದು ಓದಲು ಮಾತ್ರ ಬರುವ ಮೆಮೊರಿ, ಬರೆಯಲು ಬರುವುದಿಲ್ಲ. ಚಿತ್ರದ ತುಣುಕುಗಳನ್ನು ಪಟಪಟ ಅಂತ ಬದಲಿಸಬಹುದಾದ್ದರಿಂದ ಮೊದಲ ಸ್ಟೇಜಿನ ಕಾಡಿನಲ್ಲಿ ಎಲೆಗಳು ಅಲ್ಲಾಡುತ್ತವೆ. ಐದನೇ ಸ್ಟೇಜಿನಲ್ಲಿ ಹಿಮ ಬೀಳುತ್ತದೆ. ಪ್ರತಿ ಸ್ಟೇಜಿಗೂ ಮೊದಲು ನಕ್ಷೆ ಕಾಣುತ್ತದೆ.

ಅಮೆರಿಕದ್ದರಲ್ಲಿ ಇದ್ಯಾವುದೂ ಇಲ್ಲ. ಎಲೆ ಅಲ್ಲಾಡುವುದಿಲ್ಲ, ಹಿಮ ಬೀಳುವುದಿಲ್ಲ. ಚಿತ್ರಗಳಿಗೆ ಬೇರೆ ರೋಮ್ ಇಲ್ಲ. ಬದಲಿಗೆ ಬರೆಯಬಹುದಾದ 8 ಕಿಲೋಬೈಟಿನ ಮೆಮೊರಿ ಇದೆ. ಸ್ಟೇಜ್ ಶುರುವಾಗುವಾಗ ಆ ಸ್ಟೇಜಿಗೆ ಬೇಕಾದ ಚಿತ್ರಗಳನ್ನು ಯಂತ್ರ ಅದರೊಳಗೆ ಬರೆದಿಡುತ್ತದೆ. ಹೋಟೆಲ್ ಬಾಗಿಲಲ್ಲಿ "ಇಂದಿನ ವಿಶೇಷ" ಬರೆಯುವ ಕಪ್ಪು ಹಲಗೆ ಇರುತ್ತದಲ್ಲ, ಹಾಗೆ. ಬೆಳಿಗ್ಗೆ ತಪ್ಪು ಬರೆದರೆ ಸಂಜೆ ಒರೆಸುವ ತನಕ ತಪ್ಪೇ.

ನಮ್ಮ ಕಡೆ ಸಿಗುತ್ತಿದ್ದ ನೂರಾರು ಆಟದ ಕ್ಯಾಸೆಟ್ಟುಗಳಲ್ಲಿ ಹೆಚ್ಚಾಗಿ ಇರುವುದು ಈ ಅಮೆರಿಕದ ಕಾಂಟ್ರಾ. ಒಂದೇ ಆಟವನ್ನು ಬೇರೆ ಬೇರೆ ಸ್ಟೇಜಿನಿಂದ, ಬೇರೆ ಬೇರೆ ಗನ್ನಿನಿಂದ ಶುರು ಮಾಡಿಸಿ ಮೆನುವಿನಲ್ಲಿ ಹದಿನಾರು ಹೆಸರು ತುಂಬಿಸಿರುತ್ತಾರೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಒಂದೇ ದೋಷ ಎರಡರಲ್ಲಿ ಬೇರೆ ಬೇರೆ ಥರ ಕಾಣುತ್ತದೆ. ಪಿನ್ನಿನ ಸಂಪರ್ಕ ಒಂದು ಕ್ಷಣ ತಪ್ಪಿತು ಅಂದುಕೊಳ್ಳಿ. ಜಪಾನಿನದ್ದರಲ್ಲಿ ಚಿತ್ರ ಒಂದು ಕ್ಷಣ ಕಲಸಿಹೋಗಿ ಮತ್ತೆ ಸರಿಯಾಗುತ್ತದೆ. ಅಮೆರಿಕದ್ದರಲ್ಲಿ ಚಿತ್ರ ಬರೆಯುವ ಹೊತ್ತಿಗೇ ಸಂಪರ್ಕ ತಪ್ಪಿದರೆ ಆ ಸ್ಟೇಜ್ ಮುಗಿಯುವವರೆಗೂ ಕಲಸುಮೇಲೋಗರವೇ. ನೀವು ಕ್ಯಾಸೆಟ್ಟನ್ನು ಒತ್ತಿ, ಅಲ್ಲಾಡಿಸಿ ಸಂಪರ್ಕ ಸರಿ ಮಾಡಿದರೂ ಚಿತ್ರ ಸರಿಯಾಗುವುದಿಲ್ಲ. ಆಗ ಜನ "ಚಿಪ್ಪೇ ಹೋಯ್ತು" ಅಂತ ಕೈಬಿಡುತ್ತಾರೆ.

ಶಿರಸಿ ಭಾವನ ಜಲಪಾತ

ಹೋದ ವರ್ಷ ಶಿರಸಿ ಕಡೆಯ ನನ್ನ ಭಾವ ಫೋನ್ ಮಾಡಿದ. "ಭಾವಾ, ಜಲಪಾತದ ಸ್ಟೇಜಿನಲ್ಲಿ ಪೂರಾ ಹಾಳಾತು. ಎಂತ ಮಾಡವು?"

ಮೊದಲ ಸ್ಟೇಜ್ ಸರಿ. ಎರಡನೆಯದು, ಅಂದರೆ ಕೋಟೆಯೊಳಗೆ ನುಗ್ಗುವುದು, ಅದೂ ಸರಿ. ಮೂರನೆಯ ಜಲಪಾತಕ್ಕೆ ಬಂದರೆ ಬಂಡೆಯ ಜಾಗದಲ್ಲಿ ಅಕ್ಷರದ ಚೂರು, ನೀರಿನ ಜಾಗದಲ್ಲಿ ಬಣ್ಣದ ಪಟ್ಟಿ. ಆದರೆ ಸಂಗೀತ ಸರಿಯಾಗಿ ಬರುತ್ತದೆ. ಗುಂಡು ಹಾರುತ್ತದೆ, ಕಾಣದ ಬಂಡೆಯ ಮೇಲೆ ಕಾಲೂ ನಿಲ್ಲುತ್ತದೆ. ದಿನಾ ಹೀಗಾಗುವುದಿಲ್ಲ, ಆದರೆ ಆದಾಗೆಲ್ಲ ಜಲಪಾತದಲ್ಲೇ ಆಗುತ್ತದೆ ಅಂದ.

ಇಲ್ಲಿ ಯೋಚಿಸಬೇಕಾದದ್ದು ಎರಡು. ಆಟ ನಿಂತಿಲ್ಲ ಅಂದರೆ ಪ್ರೋಗ್ರಾಮ್ ಸರಿಯಾಗಿಯೇ ಓಡುತ್ತಿದೆ. ಚಿತ್ರದ ದಾರಿಯಲ್ಲಿ ಮಾತ್ರ ತೊಂದರೆ. ಗೇಮ್ ಓವರ್ ಆಗಿ ಕಂಟಿನ್ಯೂ ಕೊಟ್ಟ ಮೇಲೆ ಏನಾಗುತ್ತದೆ ಅಂತ ಕೇಳಿದೆ. "ಆಗ ಸರಿ ಕಾಣ್ತದೆ" ಅಂದ. ಕಂಟಿನ್ಯೂ ಕೊಟ್ಟಾಗ ಯಂತ್ರ ಚಿತ್ರಗಳನ್ನು ಹೊಸದಾಗಿ ಬರೆಯುತ್ತದೆ. ಹಾಗಾಗಿ ಮೆಮೊರಿ ಹಾಳಾಗಿಲ್ಲ, ಮೊದಲ ಸಲ ಬರೆಯುವ ಹೊತ್ತಿನಲ್ಲಿ ಏನೋ ಆಗಿದೆ. ಆದರೆ ಜಲಪಾತದಲ್ಲೇ ಯಾಕೆ?

ಇದು ಫೋನಿನಲ್ಲಿ ಬಗೆಹರಿಯಲಿಲ್ಲ. ಶಿರಸಿಗೆ ಹೋದಾಗ ಎದುರಿಗೆ ಕೂತು ನೋಡಿದೆ. ಯಂತ್ರ ಹಾಸಿಗೆಯ ಮೇಲಿತ್ತು. ಭಾವನ ಮಗ, ಹತ್ತು ವರ್ಷದ ಅಪ್ಪಿ, ಅದರ ಪಕ್ಕದಲ್ಲೇ ಕೂತು ಆಡುತ್ತಿದ್ದ. ಎರಡನೇ ಸ್ಟೇಜಿನ ಕೊನೆಯ ಗೋಡೆ ಒಡೆದ ಕೂಡಲೇ "ಹೋಯ್!" ಅಂತ ಹಾಸಿಗೆಯ ಮೇಲೆ ಒಂದು ಹಾರು ಹಾರಿದ. ಯಂತ್ರವೂ ಹಾರಿತು. ಕ್ಯಾಸೆಟ್ ತುಸು ವಾಲಿತು. ಅದೇ ಹೊತ್ತಿಗೆ ಒಳಗೆ ಜಲಪಾತದ ಚಿತ್ರ ಬರೆಯುತ್ತಿತ್ತು.

ಮೊದಲನೇ ಸ್ಟೇಜ್ ಅವನಿಗೆ ಸಲೀಸು, ಗೆದ್ದರೂ ಹಾರುವುದಿಲ್ಲ. ಎರಡನೆಯದನ್ನು ಗೆದ್ದರೆ ಹಾರುತ್ತಾನೆ. ಮೂರನೆಯದನ್ನು ಅವನಿನ್ನೂ ದಾಟಿರಲಿಲ್ಲ. ದಾಟಿದ್ದರೆ ನಾಲ್ಕನೆಯದೂ ಕಲಸಿಹೋಗುತ್ತಿತ್ತು.

ಯಂತ್ರವನ್ನು ನೆಲಕ್ಕೆ ಇಳಿಸಿದೆವು. ಪಿನ್ ತೊಳೆದೆವು. ಇನ್ನೊಮ್ಮೆ ಜಲಪಾತ ಕೆಡಲಿಲ್ಲ.

ಪರದೆ ನೋಡಿ ಪಿನ್ ಹುಡುಕುವುದು

ಕ್ಯಾಸೆಟ್ಟಿನ ಅಂಚಿನಲ್ಲಿ ಎರಡು ಮುಖಕ್ಕೆ 30ರಂತೆ 60 ಪಿನ್ ಇವೆ. ಇವನ್ನು ಸುಮ್ನೆ ಸಾಲಾಗಿ ಜೋಡಿಸಿಲ್ಲ. ಅಂಚನ್ನು ಉದ್ದಕ್ಕೆ ನೋಡಿದರೆ ಒಂದು ಅರ್ಧದ ಎರಡೂ ಮುಖಗಳು ಪ್ರೋಗ್ರಾಮಿಗೆ, ಇನ್ನೊಂದು ಅರ್ಧದ ಎರಡೂ ಮುಖಗಳು ಚಿತ್ರಕ್ಕೆ. 1ರಿಂದ 16 ಮತ್ತು 31ರಿಂದ 46 ಸಿಪಿಯು, ಅಂದರೆ ಪ್ರೋಗ್ರಾಮ್ ಓಡಿಸುವ ಚಿಪ್ಪಿನ ಕಡೆಯವು. ಉಳಿದವು ಚಿತ್ರದ ಚಿಪ್ಪಿನ ಕಡೆಯವು. 5 ವೋಲ್ಟ್ ಎರಡೂ ತುದಿಗಳಿಂದ ಬರುತ್ತದೆ, 30ರಲ್ಲಿ ಮತ್ತು 31ರಲ್ಲಿ.

ಇಷ್ಟು ತಲೆಯಲ್ಲಿದ್ದರೆ ಪರದೆ ತಾನೇ ಹೇಳುತ್ತದೆ.

ಟಿವಿಯೇ "ಸಿಗ್ನಲ್ ಇಲ್ಲ" ಅಂದರೆ ಕ್ಯಾಸೆಟ್ಟಿನ ತಂಟೆಗೆ ಹೋಗಬೇಡಿ. ಅಡಾಪ್ಟರ್, ತಂತಿ, ಟಿವಿ ಸೆಟ್ಟಿಂಗ್, ಈ ಮೂರನ್ನು ನೋಡಿ.

ಪರದೆ ಪೂರ್ತಿ ಒಂದೇ ಬಣ್ಣ, ಬೂದಿಯೋ ಕಪ್ಪೋ ಹಸಿರೋ, ಸದ್ದೂ ಇಲ್ಲ: ಯಂತ್ರ ಬದುಕಿದೆ, ಪ್ರೋಗ್ರಾಮ್ ಓದಲು ಆಗುತ್ತಿಲ್ಲ. ಸಿಪಿಯು ಅರ್ಧವನ್ನು ತೊಳೆಯಿರಿ. ಈ ಅರ್ಧದ ಹೆಚ್ಚಿನ ಗೆರೆಗಳಲ್ಲಿ ಒಂದೇ ಒಂದು ತಪ್ಪಿದರೂ ಆಟ ಶುರುವಾಗುವುದಿಲ್ಲ.

ಸದ್ದು ಸರಿ, ಆಟ ಓಡುತ್ತದೆ, ಚಿತ್ರ ಮಾತ್ರ ಚಿಂದಿ: ಚಿತ್ರದ ಅರ್ಧ. ಎಲ್ಲ ಚಿತ್ರಗಳ ಮೇಲೂ ಒಂದೇ ರೀತಿಯ ಉದ್ದ ಗೆರೆ ಬಂದರೆ ಡೇಟಾದ ಒಂದು ಪಿನ್ ತಪ್ಪಿದೆ ಅನ್ನಬಹುದು. ಬಿಲ್ಲನ ಜಾಗದಲ್ಲಿ ಮರದ ತುಂಡು, ಮರದ ಜಾಗದಲ್ಲಿ ಅಕ್ಷರ ಬಂದರೆ ವಿಳಾಸದ ಪಿನ್, ಅಂದರೆ ಯಾವ ಚಿತ್ರ ಬೇಕು ಅಂತ ಹೇಳುವ ಪಿನ್, ತಪ್ಪಿದೆ. ಅಮೆರಿಕದ ಕಾಂಟ್ರಾದಲ್ಲಿ ಶುರುವಿನಿಂದಲೇ ಪೂರ್ತಿ ಅಡ್ಡಾದಿಡ್ಡಿ ಚುಕ್ಕಿಗಳೇ ತುಂಬಿದ್ದರೆ 47ನೇ ಪಿನ್ ನೋಡಿ. ಚಿತ್ರ ಬರೆಯುವ ಅಪ್ಪಣೆ ಹೋಗುವುದು ಅದರಲ್ಲಿ.

ಚಿತ್ರ ಸೊಗಸಾಗಿದೆ, ಸದ್ದೇ ಇಲ್ಲ: ಇದು ಫ್ಯಾಮಿಕಾಮ್ ವಂಶದ ಒಂದು ವಿಚಿತ್ರ. ಸದ್ದು ಯಂತ್ರದಿಂದ ನೇರ ಟಿವಿಗೆ ಹೋಗುವುದಿಲ್ಲ. 45ನೇ ಪಿನ್ನಿನಿಂದ ಕ್ಯಾಸೆಟ್ಟಿನೊಳಗೆ ಹೋಗಿ 46ರಿಂದ ಹೊರಗೆ ಬರುತ್ತದೆ. ಕೆಲವು ಆಟಗಳಿಗೆ ತಮ್ಮದೇ ಸದ್ದು ಸೇರಿಸಲು ಜಪಾನಿನಲ್ಲಿ ಹಾಗೆ ಮಾಡಿದ್ದರು. ಕಾಂಟ್ರಾ ಕ್ಯಾಸೆಟ್ಟಿನಲ್ಲಿ ಆ ಎರಡೂ ಪಿನ್ನುಗಳನ್ನು ಸುಮ್ನೆ ಒಂದಕ್ಕೊಂದು ಕೂಡಿಸಿರುತ್ತಾರೆ. ಇವು ಸಾಲಿನ ನಟ್ಟನಡುವೆ ಇವೆ, 30ರಲ್ಲಿ 15 ಮತ್ತು 16ನೆಯವು. ಇವೆರಡಕ್ಕೆ ಕಿಲುಬು ಹಿಡಿದರೆ ಟಿವಿ ಮೂಕಿ. ಜನ ಇದಕ್ಕೆ ಸ್ಪೀಕರ್ ಬದಲಿಸಲು ಓಡುತ್ತಾರೆ.

ಮೆನು ಬರುತ್ತದೆ, ಕಾಂಟ್ರಾ ಒತ್ತಿದರೆ ಪರದೆ ಸ್ತಬ್ಧ: ಮೆನು ಇರುವುದು ಚಿಪ್ಪಿನ ಒಂದು ಮೂಲೆಯಲ್ಲಿ, ಕಾಂಟ್ರಾ ಇನ್ನೊಂದು ಮೂಲೆಯಲ್ಲಿ. "ಆ ಮೂಲೆಗೆ ಹೋಗು" ಅಂತ ಸಿಪಿಯು ಕ್ಯಾಸೆಟ್ಟಿಗೆ ಬರೆದು ತಿಳಿಸಬೇಕು. ಬರೆಯುವ ಸೂಚನೆ ಹೋಗುವುದು 14ನೇ ಪಿನ್ನಿನಲ್ಲಿ. ಓದಲು ಅದರ ಹಂಗು ಇಲ್ಲ, ಹಾಗಾಗಿ ಮೆನು ಕಾಣುತ್ತದೆ. ನಾನು ನೋಡಿದ ಇಂಥ ಮೂರು ಕ್ಯಾಸೆಟ್ಟುಗಳಲ್ಲಿ ಎರಡಕ್ಕೆ 14ನ್ನು ಉಜ್ಜಿದ್ದೇ ಸಾಕಾಯಿತು.

ಊದಬೇಡಿ, ಹುಣಸೆ ಹಚ್ಚಬೇಡಿ

ಕ್ಯಾಸೆಟ್ ಊದದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಊದಿದಾಗ ಸರಿಹೋಗುತ್ತಿತ್ತಲ್ಲ ಅಂತ ಕೇಳುತ್ತೀರಿ. ಸರಿಯಾಗುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಹಾಕುವಾಗ ಸ್ಪ್ರಿಂಗ್ ಪಿನ್ನನ್ನು ಒಂದಿಷ್ಟು ಕೆರೆಯುತ್ತದೆ, ಹೊಸ ಜಾಗದಲ್ಲಿ ಕೂರುತ್ತದೆ. ಊದಿದ ಉಸಿರಿನ ಹಸಿ ಮಾತ್ರ ಒಳಗೆ ಉಳಿಯುತ್ತದೆ. ಇಲ್ಲಿನ ಗಾಳಿಯಲ್ಲಿ ಉಪ್ಪು ಮೊದಲೇ ಇದೆ, ಉಪ್ಪಿಗೆ ಬೇಕಾದದ್ದೂ ಅದೇ ಹಸಿ.

ನಮ್ಮ ದೊಡ್ಡಮ್ಮ ಒಮ್ಮೆ ಹಸಿರು ಹಿಡಿದ ಪಿನ್ ನೋಡಿ, "ದೀಪದ ಕಂಬ ತಿಕ್ಕೂ ಹಾಗೆ ಸ್ವಲ್ಪ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕೋ" ಅಂದಳು. ಹಿತ್ತಾಳೆಗೆ ಅದು ಸರಿ. ದೀಪವನ್ನು ಆಮೇಲೆ ಬಾವಿಕಟ್ಟೆಯಲ್ಲಿ ಚೆನ್ನಾಗಿ ತೊಳೆಯುತ್ತೇವೆ. ಕ್ಯಾಸೆಟ್ಟಿನ ಪಿನ್ ಮೇಲಿನ ಲೇಪ ಕೂದಲಿಗಿಂತ ತೆಳು. ಹುಳಿಯೂ ಉಪ್ಪೂ ಅದರಡಿ ಸೇರಿದರೆ ಒಳಗಿಂದಲೇ ತಿನ್ನುತ್ತವೆ. ನಾನು ತಲೆ ಆಡಿಸಿ ಸುಮ್ಮನಾದೆ. ದೊಡ್ಡಮ್ಮನ ಜೊತೆ ವಾದ ಮಾಡುವವರು ಯಾರು?

ಬೇಕಾದದ್ದು ಐಸೋಪ್ರೊಪೈಲ್ ಆಲ್ಕೋಹಾಲ್, 99 ಶೇಕಡದ್ದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ, ಪಿನ್ನಿನ ಉದ್ದಕ್ಕೆ ಎಳೆಯಿರಿ. ಅಡ್ಡ ಉಜ್ಜಿದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಮೊದಲ ಕಡ್ಡಿ ಕಪ್ಪಾಗಿ ಬರುತ್ತದೆ. ಎರಡನೆಯದು ತುಸು ಹಸಿರು. ಕಡ್ಡಿ ಬಿಳಿಯಾಗಿಯೇ ಬರುವವರೆಗೆ ಬಿಡಬೇಡಿ. ನಮ್ಮ ಮನೆಯ ಕ್ಯಾಸೆಟ್ಟಿಗೆ ಒಂದು ಸಲ ಹದಿನಾಲ್ಕು ಕಡ್ಡಿ ಹಿಡಿಯಿತು. ಗಟ್ಟಿ ಕಿಲುಬಿಗೆ ಹಳೆಯ ಟೂತ್ ಬ್ರಶ್. ಪೆನ್ಸಿಲ್ ರಬ್ಬರ್ ಕೊನೆಯ ಉಪಾಯ, ಅದೂ ಎರಡು ಎಳೆತ ಮಾತ್ರ, ಮರಳು ಕಾಗದವಂತೂ ಬೇಡವೇ ಬೇಡ.

ಕ್ಯಾಸೆಟ್ ತೊಳೆದವರು ಯಂತ್ರದ ಬಾಯಿಯನ್ನು ಮರೆಯುತ್ತಾರೆ. ಕರೆಂಟ್ ತೆಗೆಯಿರಿ. ಹಳೆಯ ಎಟಿಎಂ ಕಾರ್ಡಿಗೆ ತೆಳ್ಳಗಿನ ಹತ್ತಿ ಬಟ್ಟೆ ಸುತ್ತಿ, ಆಲ್ಕೋಹಾಲ್ ಹಚ್ಚಿ, ಹತ್ತಾರು ಸಲ ಇಳಿಸಿ ಎತ್ತಿ. ಹತ್ತು ನಿಮಿಷ ಒಣಗಲು ಬಿಡಿ. ಹಾಕಿದ ಕ್ಯಾಸೆಟ್ ಸಡಿಲವಾಗಿ ಆಡುತ್ತಿದ್ದರೆ ಒಳಗಿನ ಸ್ಪ್ರಿಂಗ್ ಸೋತಿದೆ. ಸೂಜಿಯಿಂದ ಒಂದೊಂದನ್ನೇ ಕೂದಲಷ್ಟು ಮುಂದೆ ಎಳೆಯಬಹುದು. ತಾಳ್ಮೆ ಇದ್ದವರು ಮಾತ್ರ ಕೈ ಹಾಕಿ. ಒಂದು ಮುರಿದರೆ ಆಮೇಲೆ ಬೇರೆ ಕನೆಕ್ಟರ್ ಹುಡುಕಿಕೊಂಡು ಹುಬ್ಬಳ್ಳಿವರೆಗೆ ಅಲೆಯಬೇಕು.

ಯಂತ್ರದ ಮುಚ್ಚಳ ತೆಗೆದಾಗ ಗಾಬರಿಯಾಗಬೇಡಿ. ಒಮ್ಮೆ ನನಗೆ ಎರಡು ಹಲ್ಲಿ ಮೊಟ್ಟೆ, ಇನ್ನೊಮ್ಮೆ ಒಂದು ಸಂಸಾರವೇ ಅನ್ನುವಷ್ಟು ಕಟ್ಟಿರುವೆ ಸಿಕ್ಕಿದ್ದವು. ಇರುವೆಯನ್ನು ಬ್ರಶ್ಶಿನಿಂದ ಗುಡಿಸಿ. ಔಷಧಿ ಸ್ಪ್ರೇ ಹೊಡೆದರೆ ಬೋರ್ಡಿನ ಮೇಲೆ ಎಣ್ಣೆ ಉಳಿಯುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ.

ಸಂಜೆ ಮಾತ್ರ ಕೆಡುವ ಆಟ

ಅಂಕೋಲಾ ಹತ್ತಿರದ ಒಂದು ಮನೆ. ಹಗಲಿಡೀ ಕಾಂಟ್ರಾ ಚೆನ್ನಾಗಿ ಓಡುತ್ತದೆ. ಸಂಜೆ ಏಳು ಗಂಟೆಯ ಮೇಲೆ ಮೂರು ನಿಮಿಷಕ್ಕೊಮ್ಮೆ ಮೆನುವಿಗೆ ವಾಪಸ್. ಪಿನ್ ತೊಳೆದರು, ಕ್ಯಾಸೆಟ್ ಬದಲಿಸಿದರು, ರೀಸೆಟ್ ಬಟನ್ನಿನ ತಂತಿ ಕೂಡ ಕತ್ತರಿಸಿದರು. ಏನೂ ಪ್ರಯೋಜನವಿಲ್ಲ.

ನಾನು ಹೋದಾಗ ಮನೆಯ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತಿತ್ತು. ಮೀಟರ್ ಹಿಡಿದು ನೋಡಿದರೆ ಮನೆಗೆ ಬರುತ್ತಿದ್ದದ್ದು 165 ವೋಲ್ಟ್. ಎಲ್ಲ ಅಲ್ಲೇ ಗೊತ್ತಾಯಿತು.

ಯಂತ್ರದೊಳಗೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಇದೆ. ಅದು 5 ವೋಲ್ಟ್ ಕೊಡಬೇಕಾದರೆ ಅದಕ್ಕೆ ಸುಮಾರು 7 ವೋಲ್ಟಾದರೂ ಬರಬೇಕು. ಹಳೆಯ ಕಾಲದ ಭಾರದ ಅಡಾಪ್ಟರಿನೊಳಗೆ ಇರುವುದು ಬರೀ ಟ್ರಾನ್ಸ್‌ಫಾರ್ಮರ್. ಬರುವ ಕರೆಂಟ್ ಇಳಿದರೆ ಹೊರಗೆ ಕೊಡುವುದೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. 230ಕ್ಕೆ 9 ಕೊಡುತ್ತಿದ್ದದ್ದು 165ಕ್ಕೆ ಕೊಟ್ಟದ್ದು ಆರೂವರೆ. ಯಂತ್ರ ಹೇಗೋ ಏದುಸಿರು ಬಿಡುತ್ತಾ ಓಡುತ್ತಿತ್ತು. ಪಕ್ಕದಲ್ಲಿ ಪಂಪು ಶುರುವಾದ ಕೂಡಲೇ ಸಾಯುತ್ತಿತ್ತು.

ಪರಿಹಾರ ಸುಲಭ. 100ರಿಂದ 240 ವೋಲ್ಟ್‌ವರೆಗೆ ನಡೆಯುವ ಹಗುರ ಸ್ವಿಚಿಂಗ್ ಅಡಾಪ್ಟರ್, 9 ವೋಲ್ಟ್ 1 ಆಂಪಿಯರ್. ಆದರೆ ಕೊಳ್ಳುವ ಮೊದಲು ಯಂತ್ರದ ತೂತಿನ ಹತ್ತಿರದ ಗುರುತು ನೋಡಿ. ಕೆಲವು ಯಂತ್ರಗಳಿಗೆ ನಡುವಿನ ಕಡ್ಡಿ ಮೈನಸ್, ಕೆಲವಕ್ಕೆ ಪ್ಲಸ್. ತಿರುವುಮುರುವು ಕೊಟ್ಟರೆ ಒಮ್ಮೆಲೇ ಹೊಗೆ.

ಮೀಟರಿನಲ್ಲಿ ನೋಡುವವರು ಒಂದು ಕಡೆ ಮೋಸಹೋಗುತ್ತಾರೆ. ಹಳೆಯ 9 ವೋಲ್ಟ್ ಅಡಾಪ್ಟರನ್ನು ಯಂತ್ರಕ್ಕೆ ಚುಚ್ಚದೆ ಅಳೆದರೆ 12-13 ತೋರಿಸುತ್ತದೆ. ಜಾಸ್ತಿಯೇ ಬರ್ತಾ ಇದೆಯಲ್ಲ ಅಂದುಕೊಳ್ಳುತ್ತೀರಿ. ಯಂತ್ರ ಓಡುತ್ತಿರುವಾಗ, 7805ರ ಕಾಲಿನಲ್ಲೇ ಅಳೆಯಬೇಕು. ಅಕ್ಷರ ಬರೆದ ಮುಖ ನಿಮ್ಮ ಕಡೆಗಿದ್ದರೆ ಎಡಗಾಲು ಒಳಗೆ ಬರುವುದು, ನಡುವಿನದು ಗ್ರೌಂಡ್, ಬಲಗಾಲು ಹೊರಗೆ ಹೋಗುವುದು. ಬಲಗಾಲಲ್ಲಿ 4.75ರಿಂದ 5.25ರೊಳಗೆ ಇರಬೇಕು. ಅಡಾಪ್ಟರನ್ನೇ ಬಿಚ್ಚುವ ಕೆಲಸ ಬೇಡ, ಅದರೊಳಗೆ ನೇರ ಮನೆಯ ಕರೆಂಟ್ ಇರುತ್ತದೆ.

ಪರದೆಯ ಮೇಲೆ ದಪ್ಪ ಅಡ್ಡಪಟ್ಟಿಗಳು ನಿಧಾನಕ್ಕೆ ಮೇಲೆ ಏರುತ್ತಾ, ಜೊತೆಗೆ "ಗುಂಯ್" ಅಂತ ಸದ್ದಿದ್ದರೆ ರೆಗ್ಯುಲೇಟರಿನ ಪಕ್ಕದ ದೊಡ್ಡ ಕೆಪಾಸಿಟರ್ ಒಣಗಿದೆ. ತಲೆ ಉಬ್ಬಿರುವುದೂ ಉಂಟು, ನೋಡಲು ಚೆನ್ನಾಗಿದ್ದು ಒಳಗೆ ಸತ್ತಿರುವುದೂ ಉಂಟು. ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರುವುದನ್ನು ಹಾಕಿ. ಬಿಳಿ ಪಟ್ಟಿ ಇರುವ ಕಡೆ ಮೈನಸ್.

ರಿಮೋಟ್ ಪರೀಕ್ಷೆಗೆ ಮೂವತ್ತು ಜೀವ

ಆಡುವಾಗ ಕೈಯಲ್ಲಿ ಹಿಡಿಯುವ ರಿಮೋಟಿನ ಬಟನ್ ಪರೀಕ್ಷಿಸಲು ಬೇರೆ ಉಪಕರಣ ಬೇಡ. ಕಾಂಟ್ರಾವೇ ಸಾಕು. ಟೈಟಲ್ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಆಮೇಲೆ ಸ್ಟಾರ್ಟ್. ಒಟ್ಟು ಹನ್ನೊಂದು ಒತ್ತು. 1986ರಲ್ಲಿ ಗ್ರೇಡಿಯಸ್ ಆಟವನ್ನು ಫ್ಯಾಮಿಕಾಮ್‌ಗೆ ತರುವಾಗ ಕೊನಾಮಿಯ ಕಜುಹಿಸಾ ಹಾಶಿಮೊಟೊ ತಮ್ಮ ಸ್ವಂತ ಪರೀಕ್ಷೆಗೆ ಅಂತಲೇ ಈ ಕೋಡ್ ಹಾಕಿಕೊಂಡಿದ್ದರು. ನಾನೂ ಅದನ್ನು ಪರೀಕ್ಷೆಗೇ ಬಳಸುತ್ತೇನೆ, ಆಡಲು ಅಲ್ಲ ಅಂತ ಹೇಳಿದರೆ ನೀವು ನಂಬಬೇಕಿಲ್ಲ.

ಇದರಲ್ಲಿ ಸೆಲೆಕ್ಟ್ ಬಿಟ್ಟು ಏಳೂ ಬಟನ್ ಬಂತು. 3ರ ಬದಲು 30 ಜೀವ ಸಿಕ್ಕರೆ ಏಳೂ ಸರಿ. ಸ್ಟಾರ್ಟಿನ ಮೊದಲು ಸೆಲೆಕ್ಟ್ ಒತ್ತಿ ಇಬ್ಬರ ಆಟ ಶುರುವಾದರೆ ಎಂಟನೆಯದೂ ಸರಿ. ತಪ್ಪಿದರೆ ರೀಸೆಟ್ ಮಾಡಿ ಮೊದಲಿಂದ. ಮೂರು ಸಲವೂ ತಪ್ಪಿದರೆ ಆಟದೊಳಗೆ ಹೋಗಿ ಒಂದೊಂದೇ ನೋಡಿ. ಕೆಳಗೆ ಒತ್ತಿದರೆ ಬಿಲ್ ಮಲಗಬೇಕು, ಎ ಒತ್ತಿದರೆ ಜಿಗಿಯಬೇಕು, ಬಿ ಒತ್ತಿದರೆ ಗುಂಡು. ಎರಡು ಎಚ್ಚರಿಕೆ. ಟರ್ಬೊ ಬಟನ್ ಮುಟ್ಟಬೇಡಿ, ಅದು ಒಂದು ಒತ್ತನ್ನು ಹತ್ತು ಮಾಡುತ್ತದೆ. ಮೆನುವಿನ ಕೆಲವು ಕಾಂಟ್ರಾಗಳಲ್ಲಿ 30 ಜೀವ ಮೊದಲೇ ಇರುತ್ತದೆ, ಅದರಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯದು.

ಒಂದೇ ಬಟನ್ ಸತ್ತಿದ್ದರೆ ಒಳಗಿನ ಕಪ್ಪು ರಬ್ಬರ್ ಗುಂಡಿಯನ್ನು, ಅದರ ಕೆಳಗಿನ ಕಾರ್ಬನ್ ಗೆರೆಯನ್ನು ಒರೆಸಿ. ಎಲ್ಲ ಬಟನ್ನೂ ಸತ್ತಿದ್ದರೆ ತಂತಿ. ಒಳಗೆ ಐದು ಎಳೆ ಇರುತ್ತವೆ, ಒಂದು ತುಂಡಾದರೂ ರಿಮೋಟ್ ಪೂರ್ತಿ ಹೋಯಿತು. ತುಂಡಾಗುವುದು ಹೆಚ್ಚಾಗಿ ರಿಮೋಟಿನಿಂದ ತಂತಿ ಹೊರಬರುವ ಜಾಗದಲ್ಲೇ, ಯಾಕಂದರೆ ಎಲ್ಲರೂ ತಂತಿಯನ್ನು ರಿಮೋಟಿಗೇ ಸುತ್ತಿ ಇಡುತ್ತಾರೆ.

ಇಪ್ಪತ್ತು ನಿಮಿಷದ ಮೇಲೆ ಕೆಡುವುದು

ಶುರುವಿನಲ್ಲಿ ಚೆನ್ನಾಗಿದ್ದು, ಬಿಸಿಯಾದ ಮೇಲೆ ಕೆಟ್ಟರೆ, ಎಲ್ಲೋ ಸೋಲ್ಡರ್ ಬಿರುಕು ಬಿಟ್ಟಿದೆ. ಮುಚ್ಚಳ ತೆಗೆದು ಆಟ ಓಡುತ್ತಿರುವಾಗಲೇ ಹಿಡಿಕಡ್ಡಿಯಿಂದ ಕನೆಕ್ಟರಿನ ಸುತ್ತ ಮೆಲ್ಲಗೆ ಒತ್ತುತ್ತಾ ಹೋಗಿ. ಲೋಹದ ಸ್ಕ್ರೂಡ್ರೈವರ್ ಬೇಡ. ಎಲ್ಲಿ ಒತ್ತಿದಾಗ ಚಿತ್ರ ನಡುಗುತ್ತದೋ ಅಲ್ಲಿಯ ಕಾಲುಗಳನ್ನು 25 ವಾಟಿನ ಸೋಲ್ಡರಿಂಗ್ ಕಡ್ಡಿಯಿಂದ ಮತ್ತೆ ಕರಗಿಸಿ, ಒಂದು ಹನಿ ಹೊಸ ಸೋಲ್ಡರ್ ಕೊಡಿ.

ದೋಷವೇ ಅಲ್ಲದ ದೋಷಗಳು

ಒಂದೇ ಸಲ ಹಲವು ಗುಂಡು ಹಾರಿಸುವ ಸ್ಪ್ರೆಡ್ ಗನ್ ಹಿಡಿದಾಗ ಗುಂಡುಗಳು ಮಿಣುಕುತ್ತವೆ ಅಂತ ದೂರು ಬರುತ್ತದೆ. ಈ ಯಂತ್ರ ಪರದೆಯ ಒಂದು ಗೆರೆಯ ಮೇಲೆ ಎಂಟೇ ಚಲಿಸುವ ಚಿತ್ರ ತೋರಿಸಬಲ್ಲದು. ಒಂಬತ್ತನೆಯದು ಬಂದರೆ ಸರದಿಯಲ್ಲಿ ತೋರಿಸುತ್ತದೆ. 1988ರಲ್ಲೂ ಮಿಣುಕುತ್ತಿತ್ತು.

ಯೂಟ್ಯೂಬಿನಲ್ಲಿ ನೋಡಿದ್ದಕ್ಕಿಂತ ನಮ್ಮದು ನಿಧಾನ, ಹಾಡೂ ನಿಧಾನ ಅಂದರೆ, ನಿಮ್ಮದು ಪಾಲ್ ಯಂತ್ರ, ಅಂದರೆ ನಮ್ಮ ದೇಶದ ಟಿವಿ ಪದ್ಧತಿಯದ್ದು. ಆಟ ಬರೆದದ್ದು ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ, ನಮ್ಮದು ತೋರಿಸುವುದು 50. ಆರಕ್ಕೆ ಐದು. ನಮ್ಮ ಕೈಗೆ ಆ ವೇಗವೇ ಅಭ್ಯಾಸ. ಅಸಲಿ ವೇಗದಲ್ಲಿ ಆಡಲು ಹೋಗಿ ನಾನು ಮೊದಲ ಸೇತುವೆಯಲ್ಲೇ ಸತ್ತಿದ್ದೇನೆ.

ಬಿಲ್ ಲ್ಯಾನ್ಸ್ ಬದಲು ರೋಬೋಟ್ ಕಂಡರೆ ಅದು ಯುರೋಪಿನ ಪ್ರೊಬೊಟೆಕ್ಟರ್. 1990ರಲ್ಲಿ ಅಲ್ಲಿ ಮನುಷ್ಯರ ಬದಲು ರೋಬೋಟ್ ಹಾಕಿ ಮಾರಿದ್ದರು. ಆಟ ಅದೇ. ಅನುಮಾನ ಇದ್ದರೆ 2019ರ ಕಾಂಟ್ರಾ ಆನಿವರ್ಸರಿ ಕಲೆಕ್ಷನ್‌ನಲ್ಲಿ ಜಪಾನಿನದೂ ಅಮೆರಿಕದ್ದೂ ಎರಡೂ ಇವೆ, ಪಕ್ಕಪಕ್ಕ ಇಟ್ಟು ನೋಡಿ.

ಹೊಸ ಎಲ್‌ಇಡಿ ಟಿವಿಯಲ್ಲಿ ಕಪ್ಪುಬಿಳುಪು ಬಂದರೆ ಟಿವಿಯ ಕಲರ್ ಸಿಸ್ಟಮ್ ಅನ್ನು ಆಟೋದಿಂದ ಪಾಲ್‌ಗೆ, ಆಗದಿದ್ದರೆ ಎನ್‌ಟಿಎಸ್‌ಸಿಗೆ ಬದಲಿಸಿ. ಒಂದೇ ಸಣ್ಣ ತೂತಿನ ಎವಿ ಕೇಬಲ್ ಆದರೆ ಹಳದಿ ತಂತಿಯ ಬದಲು ಕೆಂಪು, ಬಿಳಿ ಚುಚ್ಚಿಯೂ ನೋಡಿ. ಆ ಕೇಬಲ್ಲುಗಳಲ್ಲಿ ಒಳಗಿನ ಜೋಡಣೆ ಒಂದೇ ಥರ ಇರುವುದಿಲ್ಲ. ಬಾತುಕೋಳಿ ಹೊಡೆಯುವ ಗನ್ ಹೊಸ ಟಿವಿಯಲ್ಲಿ ನಡೆಯುವುದೇ ಇಲ್ಲ, ಅದಕ್ಕೆ ಹಳೆಯ ಡಬ್ಬಾ ಟಿವಿಯೇ ಬೇಕು. ಕಾಂಟ್ರಾಕ್ಕೆ ಆ ಗನ್ನಿನ ಕೆಲಸವೂ ಇಲ್ಲ.

ಕೈಬಿಡುವುದು ಯಾವಾಗ

ಕ್ಯಾಸೆಟ್ ಬಿಚ್ಚಿದರೆ ಒಳಗೆ ಕಾಲಿರುವ ಚಿಪ್ ಇರುವುದಿಲ್ಲ. ಬೋರ್ಡಿನ ಮೇಲೆ ಕಪ್ಪು ಟಾರಿನ ಹಾಗೆ ಒಂದು ಉಂಡೆ ಇರುತ್ತದೆ. ಚಿಪ್ ಅದರ ಕೆಳಗೆ ಕೂದಲೆಳೆಯಂಥ ತಂತಿಗಳಲ್ಲಿ ನಿಂತಿರುತ್ತದೆ. ಉಂಡೆಯ ಅಂಚು ಬಿಟ್ಟುಕೊಂಡು ಹಸಿ ಒಳಗೆ ಹೋದರೆ ಆ ತಂತಿಗಳೇ ಕೊಳೆಯುತ್ತವೆ. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮಾತ್ರ ಆಟ ಬಂದು, ಬಿಟ್ಟಾಗ ಹೋದರೆ ಅದು ಇದೇ ರೋಗ. ಔಷಧಿ ಇಲ್ಲ.

ನಮ್ಮ ಮನೆಯ ಮೊದಲ ಕಾಂಟ್ರಾ ಹೋದದ್ದು ಹೀಗೇ. ಈಗಿರುವುದನ್ನು ಹಪ್ಪಳದ ಬಿಗಿ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ ಇಟ್ಟಿದ್ದೇನೆ. ಹಪ್ಪಳ ಖಾಲಿಯಾದ ಮೇಲೆ ಡಬ್ಬಿಯನ್ನು ಚೆನ್ನಾಗಿ ಒರೆಸಿಕೊಳ್ಳಿ. ನಾನು ಒರೆಸಿರಲಿಲ್ಲ, ಮತ್ತೆ ಇರುವೆ ಬಂತು.